ಟ್ಯಾಂಕ್ ಸಾವಿರದ ಇನ್ನೂರು, ಬಾಯ್ಲರ್ ನೂರು

ಮಾರ್ಚ್ 3, ಸೋಮವಾರ

ಶತ್ರು ಮಧ್ಯಾಹ್ನ ಎರಡೂವರೆಗೆ ಕೋಟೆಯೊಳಗೆ ಕಾಲಿಟ್ಟ. ಎರಡು ಸೂಟ್‌ಕೇಸ್ ಅಳಿಯನ ಕೈಯಲ್ಲಿ, ಕೊಡೆ ಮಗಳ ಕೈಯಲ್ಲಿ. ಅವನು ಮಾತ್ರ ಒಂದು ರಟ್ಟಿನ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದ.

ಶತ್ರು ಎಂದರೆ ನನ್ನ ಬೀಗ, ಅಳಿಯನ ಅಪ್ಪ. ಅವನಿದ್ದ ಹಳೇ ಕಟ್ಟಡ ಕೆಡವುತ್ತಿದ್ದಾರಂತೆ, ಇನ್ನು ಮೇಲೆ ಇಲ್ಲೇ ಇರುತ್ತಾನಂತೆ. ನಾನು ಎರಡು ವರ್ಷದಿಂದ ಮಗಳ ಮನೆಯಲ್ಲಿದ್ದೇನೆ, ಸೀನಿಯಾರಿಟಿ ನನ್ನದು. ಬಾಗಿಲಿಗೆ ಹಾಕುವ ಬೀಗಕ್ಕೆ ಕೀಲಿಯಾದರೂ ಇರುತ್ತದೆ. ಬಾಳಿಗೆ ಬಿದ್ದ ಬೀಗನಿಗೆ ಅದೂ ಇಲ್ಲ.

ಮೂವತ್ತಾರು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದವನು. ಅದಕ್ಕೇ ಅವನ ಹೆಸರು ಈ ಪುಸ್ತಕದಲ್ಲಿ ಮೀಟರ್. ಎದುರಿಗೆ ಸಿಕ್ಕಾಗ ಮಾತ್ರ ‘ಬೀಗರೇ’, ‘ನೀವು’. ಮರ್ಯಾದೆ ಬಾಯಿಗೆ ಸೇರಿದ್ದು, ಡೈರಿಗಲ್ಲ.

ಅಡುಗೆಮನೆ ಕಟ್ಟೆಯ ಮೇಲಿದ್ದ ನನ್ನ ರೇಡಿಯೊ ಸರಿಸಿ, ಆ ಜಾಗದಲ್ಲೇ ಪೆಟ್ಟಿಗೆ ಬಿಚ್ಚಿದ.

“ಏನಿದು ಬೀಗರೇ, ಹೊಲಿಗೆ ಮಷೀನಾ?”

“ಎಸ್ಪ್ರೆಸೊ ಕಾಫಿ ಮಷೀನು. ಟ್ಯಾಂಕ್ ಸಾವಿರದ ಇನ್ನೂರು. ಬಾಯ್ಲರ್ ನೂರು.”

“ನೂರು ಲೀಟರ್ರಾ?”

“ಮಿಲಿ.”

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡವನು. ಐದು ಸಾವಿರ ಲೀಟರ್. ತೊಳೆಯುವ ದಿನ ಅದರೊಳಗೆ ಮೂರು ಜನ ನಿಂತು ಜಗಳ ಆಡಬಹುದಿತ್ತು, ಆಡಿದ್ದೇವೆ ಕೂಡ.

“ನಮ್ ಕಡೆ ಕೆಮ್ಮಿನ ಔಷಧಿ ಬಾಟ್ಲಿಗೆ ಬಾಯ್ಲರ್ ಅನ್ನಲ್ಲ ಬೀಗರೇ” ಅಂದೆ.

ಮಗಳು ನಕ್ಕಳು. ಮೀಟರ್ ನಗಲಿಲ್ಲ. ಒರೆಸುವ ಬಟ್ಟೆ ತೆಗೆದು, ನನ್ನ ರೇಡಿಯೊ ಇದ್ದ ಜಾಗದ ಧೂಳು ಒರೆಸಿ, ಆ ಬಟ್ಟೆಯನ್ನು ನನಗೆ ತೋರಿಸಿದ.

ಸರಿ. ಯುದ್ಧ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಏಳೂ ಹತ್ತಕ್ಕೆ ಕಾಫಿ ವಿತರಣೆ. ಮೊದಲನೆಯದು ಅವನಿಗೆ, ಎರಡನೆಯದು ಮಗಳಿಗೆ, ಮೂರನೆಯದು ಅಳಿಯನಿಗೆ. ನಾಲ್ಕನೆಯದು ನನಗೆ.

ಇದರಲ್ಲಿ ದ್ರೋಹವಿದೆ. ಒಂದೊಂದು ಕಪ್ ಇಳಿದಾಗಲೂ ಹಿಂದಿನ ಟ್ಯಾಂಕಿನಿಂದ ಅಷ್ಟೇ ತಣ್ಣೀರು ಬಾಯ್ಲರಿಗೆ ನುಗ್ಗುತ್ತದೆ. ದೊಡ್ಡ ಬಾಯ್ಲರ್ ಆದರೆ ಕೇರ್ ಮಾಡುವುದಿಲ್ಲ. ನೂರು ಮಿಲಿಯ ಪಾಪದ್ದು ಮತ್ತೆ ಬಿಸಿಯಾಗಲು ನಾಲ್ಕು ನಿಮಿಷ ಸುಧಾರಿಸಿಕೊಳ್ಳಬೇಕು. ಮೀಟರ್ ಆ ನಾಲ್ಕು ನಿಮಿಷ ಕೊಡುವುದಿಲ್ಲ. ಹೀಗಾಗಿ ನಾಲ್ಕನೆಯವನಿಗೆ ಬರುವುದು ಬಿಸಿಯಲ್ಲ, ಬಿಸಿಯ ನೆನಪು.

“ಬೀಗರೇ, ಇದನ್ನ ಕುಡೀಲೋ, ಇದರಲ್ಲಿ ಕಾಲು ತೊಳೀಲೋ?”

“ನಿಮಗೆ ಯಾವುದು ಅಭ್ಯಾಸವೋ ಅದು ಮಾಡಿ.”

ಅಳಿಯ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಪೇಪರ್ ಅಲುಗಾಡುತ್ತಿತ್ತು.

ಮಾರ್ಚ್ 9, ಭಾನುವಾರ

ಒಂದು.

ಮನೆಯ ಹೊಸ ನಿಯಮ: ಬೆಳಗಿನ ಕಾಫಿ ಮುಗಿದ ಮೇಲೆ ಮೀಟರ್ ಟ್ಯಾಂಕ್ ತುಂಬಿಸಬೇಕು, ಸಂಜೆ ನಾಲ್ಕಕ್ಕೆ ಮತ್ತೆ ಕಾಫಿ. ಮಧ್ಯಾಹ್ನ ಅವನು ಗೊರಕೆ ಹೊಡೆಯುವಾಗ ನಾನು ಟ್ಯಾಂಕ್ ಎಳೆದು ಕಿಟಕಿ ಪಕ್ಕದ ಕುಂಡಕ್ಕೆ ಸುರಿದೆ. ತಳದಲ್ಲಿ ಎರಡು ಬೆರಳು ನೀರು ಬಿಟ್ಟೆ.

ನಾಲ್ಕಕ್ಕೆ ಸ್ವಿಚ್ ಹಾಕಿದ. ಎರಡನೇ ಕಪ್ಪಿಗೆ ಪಂಪು ಗರಗರ ಅಂದಿತು, ಹಲ್ಲಿಲ್ಲದವನು ಹುರಿಗಡಲೆ ತಿಂದ ಹಾಗೆ.

“ತುಂಬ್ಸಿದ್ನಲ್ಲ?” ಅಂದ, ಯಾರಿಗೂ ಅಲ್ಲ.

“ತುಂಬಿಸ್ಬೇಕು ಅಂದ್ಕೊಂಡಿರ್ತೀರಿ” ಅಂದೆ. “ವಯಸ್ಸಾದ್ಮೇಲೆ ಅಂದ್ಕೊಂಡಿದ್ದಕ್ಕೂ ಮಾಡಿದ್ದಕ್ಕೂ ವ್ಯತ್ಯಾಸ ಉಳಿಯಲ್ಲ ಬೀಗರೇ.”

ವೃತ್ತಿಧರ್ಮದ ಬಗ್ಗೆ ಒಂದು ಮಾತು ಬರೆದಿಡುತ್ತೇನೆ. ಬಾಯ್ಲರ್ ಒಣಗಿಸುವವನು ಬಾಯ್ಲರಿನವನೇ ಅಲ್ಲ. ಆದರೆ ನಾನು ಖಾಲಿ ಮಾಡಿದ್ದು ಟ್ಯಾಂಕು. ಬಾಯ್ಲರಿನಲ್ಲಿ ನೂರು ಮಿಲಿ ಇದ್ದೇ ಇದೆ. ಧರ್ಮ ಉಳಿದಿದೆ.

ಮಾರ್ಚ್ 12, ಬುಧವಾರ

ನಿನ್ನೆ ಎರಡು. ಇವತ್ತು ನಾನು ಮುಟ್ಟಿಯೇ ಇರಲಿಲ್ಲ, ಆದರೂ ನಾಲ್ಕಕ್ಕೆ ಗರಗರ! ಮೇಲಿರುವವನೂ ನನ್ನ ಪಾರ್ಟಿ. ಆದರೆ ಇದನ್ನು ನನ್ನ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾನು ಪ್ರಾಮಾಣಿಕ.

ಮಾರ್ಚ್ 16, ಭಾನುವಾರ

ನಾಲ್ಕು. ಮೀಟರ್ ಒಂದು ನೋಟ್‌ಬುಕ್ ಶುರು ಮಾಡಿದ್ದಾನೆ. ಟ್ಯಾಂಕಿನ ಮುಂದೆ ಬಗ್ಗಿ, ಒಂದು ಕಣ್ಣು ಮುಚ್ಚಿ, ನೀರಿನ ಮಟ್ಟ ಓದಿ ಬರೆಯುತ್ತಾನೆ. ಹುಟ್ಟುಗುಣ.

ಮಾರ್ಚ್ 22, ಶನಿವಾರ

ಆರು.

ಈಗ ಅವನು ಅಡುಗೆಮನೆ ಗೋಡೆಗೆ ಚೀಟಿ ಅಂಟಿಸುತ್ತಾನೆ. ‘ಟ್ಯಾಂಕ್ ನೋಡು.’ ‘ಸ್ವಿಚ್ ನೋಡು.’ ಅಕ್ಷರ ಕೋಳಿ ಕೆದರಿದ ಹಾಗೆ, ನಕಲು ಮಾಡಲು ಸುಲಭ. ನಾನೂ ಒಂದು ಬರೆದು ಸಾಲಿನಲ್ಲಿ ಅಂಟಿಸಿದೆ: ‘ಕನ್ನಡಿ ನೋಡು.’ ಜಗಳಕ್ಕೆ ಬರುತ್ತಾನೆಂದು ಉತ್ತರ ಕೂಡ ತಯಾರು ಮಾಡಿಕೊಂಡಿದ್ದೆ. ಬರಲಿಲ್ಲ. ಚೀಟಿಯ ಮುಂದೆ ತುಂಬ ಹೊತ್ತು ನಿಂತಿದ್ದು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ.

ಒಳ್ಳೇ ಉತ್ತರ ವೇಸ್ಟ್ ಆಯಿತು.

ಸಂಜೆ ಮಗಳು ಕಿಟಕಿ ಹತ್ತಿರ ನಿಂತು, “ಈ ಗಿಡ ಯಾಕಪ್ಪ ಹಳದಿ ಆಗ್ತಿದೆ? ಬೇರು ಕೊಳೆಯೋ ಹಾಗೆ ನೀರು ಯಾರು ಹಾಕ್ತಿದಾರೆ?” ಅಂದಳು.

“ಹವಾ” ಅಂದೆ.

ಮಾರ್ಚ್ 24, ಸೋಮವಾರ

ಏಳು. ಮಜಾ ಕಡಿಮೆಯಾಗುತ್ತಿದೆ. ‘ತುಂಬ್ಸಿದ್ನಲ್ಲ’ ಅನ್ನುವುದನ್ನೂ ಬಿಟ್ಟಿದ್ದಾನೆ. ಸುಮ್ಮನೆ ಟ್ಯಾಂಕ್ ತೆಗೆದುಕೊಂಡು ನಲ್ಲಿಗೆ ಹೋಗುತ್ತಾನೆ. ಇಪ್ಪತ್ತಕ್ಕೆ, ಮತ್ತೆ ನಿನ್ನೆ ಇಪ್ಪತ್ತಮೂರಕ್ಕೆ ನಾನು ಕೈ ಹಾಕದೆಯೇ ಖಾಲಿ ಇತ್ತು. ನನ್ನ ಕೆಲಸ ಅವನೇ ಮಾಡಿಕೊಂಡರೆ ನಾನ್ಯಾಕೆ?

ಮಾರ್ಚ್ 27, ಗುರುವಾರ

ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ಎರಡೂವರೆಗೆ ಹೊರಟು, ಅರ್ಧ ಬಾಯಿ ಮರಗಟ್ಟಿಸಿಕೊಂಡು ಐದಕ್ಕೆ ಬಂದರೆ, ಮೆಟ್ಟಿಲಲ್ಲೇ ಸುಟ್ಟ ವಾಸನೆ. ಮೂವತ್ತೊಂದು ವರ್ಷ ಹೆದರಿದ ವಾಸನೆ ಅದು. ಮೂರು ಮಹಡಿ ಹೇಗೆ ಹತ್ತಿದೆನೋ.

ಎಲ್ಲ ಕಿಟಕಿ ತೆರೆದಿತ್ತು. ಮಗಳು ಆಫೀಸಿನ ಇಬ್ಬರನ್ನು ಕರೆದುಕೊಂಡು ಬೇಗ ಬಂದಿದ್ದಳಂತೆ. ಮೀಟರ್ ಸಂಭ್ರಮದಿಂದ, ಕಾಫಿ ಇಳಿಸುವ ಮೊದಲೇ, ನಾಲ್ಕು ಕಪ್ಪಿಗೆ, ಒಂದಾದ ಮೇಲೊಂದು, ಹಬೆ ಹೊಡೆದು ಹಾಲು ನೊರೆ ಮಾಡಿದ್ದಾನೆ. ಹಿಂದೆ ಟ್ಯಾಂಕಿನಲ್ಲಿ ಹನಿ ನೀರಿಲ್ಲ. ಬಾಯ್ಲರಿನ ನೂರು ಮಿಲಿ ಹಬೆಯಾಗಿ ಹೋಗಿ, ಒಣ ತಾಮ್ರ ಕಾದು, ವೈರು ಕರಗಿ ಹೊಗೆ ಎದ್ದಿದೆ. ಮಗಳು ಪ್ಲಗ್ ಕಿತ್ತಿದ್ದಾಳೆ. ಅವಳ ಬೆರಳಿಗೆ ಬೊಬ್ಬೆ.

ಮೀಟರ್ ಸ್ಟೂಲಿನ ಮೇಲೆ, ಖಾಲಿ ಟ್ಯಾಂಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಇವತ್ತು ನಾನು ಏನೂ ಮಾಡಿಲ್ಲ. ಅದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ.

ಮಷೀನ್ ಬಿಚ್ಚಿ ನೋಡಿದೆ. ಕಾಯಿಸುವ ಸುರುಳಿ ಬದುಕಿದೆ, ಫ್ಯೂಸ್ ಹೋಗಿದೆ. ಐದು ಸಾವಿರ ಲೀಟರಿನವನಿಗೆ ನೂರು ಮಿಲಿ ಎಷ್ಟು ಬೇಗ ಮುಗಿಯುತ್ತದೆ ಎಂಬ ಅಂದಾಜೇ ಇರಲಿಲ್ಲ. ಆ ಏಳು ದಿನಗಳಲ್ಲಿ ಯಾವತ್ತಾದರೂ ಅವನು ಹಾಲಿಗೆ ಹಬೆ ಹಿಡಿದಿದ್ದರೆ?

ಹಿಡಿದಿರಲಿಲ್ಲ. ಮುಗಿಯಿತು. ದವಡೆ ನೋಯುತ್ತಿದೆ.

ಮಾರ್ಚ್ 30, ಭಾನುವಾರ

ಗೆದ್ದೆ.

ಅಳಿಯ ಮೀಟರನ್ನು ಮರೆವಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದ. ಅವರು ಖಚಿತವಾಗಿ ಏನೂ ಹೇಳಲಿಲ್ಲವಂತೆ. “ಎಷ್ಟು ಸಲ ಹೀಗಾಗಿದೆ?” ಎಂದು ಕೇಳಿದರಂತೆ. ಅಳಿಯ ಮೀಟರಿನ ನೋಟ್‌ಬುಕ್ ನೋಡಿ, “ಮೂರು ವಾರದಲ್ಲಿ ಹನ್ನೊಂದು” ಅಂದನಂತೆ. ಹಾಗಾದರೆ ಒಬ್ಬರನ್ನೇ ಮನೆಯಲ್ಲಿ ಬಿಡಬೇಡಿ ಎಂದರಂತೆ.

“ನಾವಿಬ್ಬರೂ ಬೆಳಿಗ್ಗೆ ಹೋದ್ರೆ ಸಂಜೆ ಬರೋದು ಮಾವ” ಅಂದ ಅಳಿಯ ನನಗೆ. “ವಯಸ್ಸಾದವರ ಆರೈಕೆ ಮನೆ ಒಂದಿದೆ, ಅಲ್ಲಿ ನರ್ಸ್ ಇರ್ತಾರೆ. ಒಂದು ರೂಮ್ ಹೇಳಿದೀನಿ. ಹದಿನೈದಕ್ಕೆ ಹೋಗೋದು.”

“ನಾನಿಲ್ವೇನಪ್ಪ ಮನೇಲಿ?” ಅಂದೆ. ಯಾಕೆ ಅಂದೆನೋ.

“ನೀವಾ?” ಅಂದ. ಅಷ್ಟೇ ಅಂದ.

ಮಷೀನ್ ಪೆಟ್ಟಿಗೆಗೆ ಹೋಯಿತು. ನನ್ನ ರೇಡಿಯೊ ಹಳೇ ಜಾಗಕ್ಕೆ ಬಂತು. ಹಚ್ಚಿದೆ. ಹವಾಮಾನ ವರದಿ.

ಏಪ್ರಿಲ್ 2, ಬುಧವಾರ

ಮೀಟರ್ ಇವತ್ತೇ ಸೂಟ್‌ಕೇಸ್ ತುಂಬಲು ಶುರು ಮಾಡಿದ. ಹದಿಮೂರು ದಿನ ಮುಂಚೆ! ಅಂಗಿ ಮಡಚುವುದು, ಪಟ್ಟಿಗೆ ಬರೆಯುವುದು, ಮತ್ತೆ ಬಿಚ್ಚಿ ಎಣಿಸುವುದು. ನಾನು ಬಾಗಿಲಲ್ಲಿ ನಿಂತು, “ಬೀಗರೇ, ಒಳಚಡ್ಡಿ ಮೀಟರ್ ಎಷ್ಟಾಯ್ತು?” ಅಂದೆ. ಅಂಗಿ ಎಣಿಸುತ್ತಲೇ ಇದ್ದ. ಗೋಡೆಗೆ ಚೆಂಡು ಹೊಡೆದರೆ ಅದಾದರೂ ವಾಪಸ್ ಬರುತ್ತದೆ.

ಅವನು ಸ್ನಾನಕ್ಕೆ ಹೋದಾಗ ಕಟ್ಟೆಯ ಮೇಲಿದ್ದ ನೋಟ್‌ಬುಕ್ ತೆಗೆದೆ. ಗೇಲಿ ಮಾಡಲು ಏನಾದರೂ ಸಿಗುತ್ತದೆಂದು. ಹಿಂದಿನ ದಿನಗಳದ್ದನ್ನೂ ನೆನಪಿನಿಂದ ತುಂಬಿಸಿದ್ದಾನೆ. ಇಲ್ಲಿ ಇಳಿಸುತ್ತೇನೆ.

‘16. ಬೆಳಿಗ್ಗೆ 1200. ಸಂಜೆ 80. ಮಧ್ಯೆ ಕಾಫಿ ಇಲ್ಲ. ತುಂಬಿಸಿದೆ ಎಂದುಕೊಂಡು ತುಂಬಿಸದೆ ಬರೆದಿರಬೇಕು.’

‘22. ಕನ್ನಡಿ ನೋಡು ಎಂದು ಯಾವಾಗ ಬರೆದೆ? ಅಕ್ಷರ ನನ್ನದೇ.’

‘24. ಮೂವತ್ತಾರು ವರ್ಷ ಊರಿನವರ ಮನೆ ಸೋರಿಕೆ ಹಿಡಿದೆ. ಇಲ್ಲಿ ಪೈಪ್ ಸರಿ ಇದೆ, ಟ್ಯಾಂಕ್ ಸರಿ ಇದೆ. ಸೋರುತ್ತಿರುವುದು ನಾನು.’

‘27. ಮಧ್ಯಾಹ್ನ 3:10. ಟ್ಯಾಂಕ್ ತೊಳೆದೆ.’

ಆಮೇಲೆ ಏನೂ ಇಲ್ಲ. ತೊಳೆದು ಹಾಗೇ ಖಾಲಿ ಟ್ಯಾಂಕನ್ನು ಹಿಂದಕ್ಕೆ ಸಿಕ್ಕಿಸಿದ್ದಾರೆ.

ನನ್ನ ಡೈರಿಯನ್ನೂ ಪಕ್ಕಕ್ಕಿಟ್ಟು ತಾಳೆ ನೋಡಿದೆ. ಅವರದು ಹನ್ನೊಂದು, ನನ್ನದು ಏಳು. 12, 20, 23, 27. ಈ ನಾಲ್ಕು ನನ್ನವಲ್ಲ. ಆ ನಾಲ್ಕು ಅವರವೇ.

ಏಳು ಎಂದು ಒಪ್ಪಿಕೊಂಡರೆ ನಾಲ್ಕು ಉಳಿಯುತ್ತದೆ, ಅದರಲ್ಲಿ ಹೊಗೆ ಎದ್ದದ್ದೂ ಒಂದು. ನಾಲ್ಕು ಸಾಕು, ಸೂಟ್‌ಕೇಸ್ ಹೋಗುತ್ತದೆ.

ಹೋದರೆ ಹೋಗಲಿ. ನನಗೇನು.

ಏಪ್ರಿಲ್ 3, ಗುರುವಾರ

ಸಂಜೆ ನಾಲ್ವರೂ ಮೇಜಿಗೆ ಕೂತಿದ್ದಾಗ, ಚಪಾತಿಗೆ ಕೈ ಹಾಕುತ್ತಾ, “ಹನ್ನೊಂದೂ ನಾನೇ” ಅಂದೆ.

“ಏನ್ ಹನ್ನೊಂದು ಮಾವ?” ಅಂದ ಅಳಿಯ.

“ನಿಮ್ಮಪ್ಪನ ಟ್ಯಾಂಕು. ಅವರು ತುಂಬಿಸ್ತಿದ್ರು, ನಾನು ಗಿಡಕ್ಕೆ ಸುರೀತಿದ್ದೆ. ಕನ್ನಡಿ ಚೀಟೀನೂ ನಂದೇ.”

ಮಗಳು ಕಿಟಕಿ ಕಡೆ ತಿರುಗಿದಳು. ಗಿಡಕ್ಕೆ ಉಳಿದದ್ದು ಎರಡೇ ಎಲೆ. ಇದಕ್ಕಿಂತ ಒಳ್ಳೇ ಸಾಕ್ಷಿ ಯಾವ ಕೋರ್ಟಿಗೂ ಸಿಗುವುದಿಲ್ಲ.

“ಅವತ್ತು ಹೊಗೆ ಬಂದಿದ್ದು?” ಅಂದಳು.

“ಅದೂ ನಾನೇ. ಹಲ್ಲಿನ ಡಾಕ್ಟರ್ ಹತ್ರ ಹೋಗೋ ಮುಂಚೆ ಖಾಲಿ ಮಾಡಿ ಹೋದೆ.”

ಅವಳು ಸುಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

“ಮಾವ ದಿನಾ ಬೆಳಿಗ್ಗೆ ನನ್ನ ಹತ್ರ ಬಂದು ತಿಂಗಳುಗಳ ಹೆಸರು ಒಪ್ಪಿಸ್ತಿದ್ರು, ಗೊತ್ತಾ ಅಪ್ಪ ನಿಂಗೆ? ತಪ್ಪಿದ್ರೆ ಹೇಳಮ್ಮ, ನಾಚಿಕೆ ಪಡಬೇಡ ಅಂತಿದ್ರು. ಸ್ಕೂಲ್ ಹುಡುಗನ ಹಾಗೆ ಕೈ ಕಟ್ಕೊಂಡು.”

“ತಮಾಷೆಗೆ ಮಾಡ್ದೆ ಕಣೆ.”

“ಯಾರಿಗೆ ತಮಾಷೆ?”

ಎಪ್ಪತ್ತಮೂರು ವರ್ಷದಲ್ಲಿ, ಎತ್ತಿಕೊಂಡ ಚಪಾತಿಯನ್ನು ನಾನು ವಾಪಸ್ ಇಟ್ಟ ಮೊದಲ ದಿನ ಇದು. ದಾಖಲಿಸಿದ್ದೇನೆ.

ಅಳಿಯ ಎದ್ದು ಹೊರಗೆ ಹೋಗಿ ಆರೈಕೆ ಮನೆಯವರಿಗೆ ಫೋನ್ ಮಾಡಿ ಬಂದ. ಎಂದೂ ದನಿ ಏರಿಸದ ಹುಡುಗ. ಇವತ್ತೂ ಏರಿಸಲಿಲ್ಲ. “ಅಪ್ಪ ಎಲ್ಲೂ ಹೋಗಲ್ಲ. ಆ ರೂಮನ್ನ ಅವರು ಎರಡು ತಿಂಗಳು ನಮಗೇ ಇಟ್ಟಿರ್ತಾರೆ. ಇನ್ನೊಂದು ಸಲ ಆ ಟ್ಯಾಂಕ್ ಖಾಲಿ ಸಿಕ್ಕಿದ್ರೆ ಅಲ್ಲಿಗೆ ನೀವು ಹೋಗ್ತೀರಿ ಮಾವ.”

ಬೀಗರು ಇಷ್ಟು ಹೊತ್ತೂ ಚಪಾತಿಯನ್ನು ಒಂದೇ ಅಳತೆಯ ಚೂರು ಮಾಡುತ್ತಿದ್ದರು.

ಏಪ್ರಿಲ್ 6, ಭಾನುವಾರ

ಮಗಳು ಮಾತು ಬಿಟ್ಟು ಮೂರು ದಿನ. ತಟ್ಟೆ ಇಡುವ ಸದ್ದಿನಲ್ಲೇ ಬೈಯುತ್ತಾಳೆ. ಕಲಿಸಿದವನು ನಾನೇ.

ಮಧ್ಯಾಹ್ನ ಬೀಗರು ನನ್ನ ಕೋಣೆಗೆ ಬಂದರು. ಈ ಮನೆಗೆ ಬಂದ ಮೇಲೆ ಮೊದಲ ಸಲ. ಕೂರಲಿಲ್ಲ.

“ಹನ್ನೊಂದೂ ನೀವೇನಾ?”

“ಹೂಂ.”

“ಇಪ್ಪತ್ತೇಳಕ್ಕೆ ನೀವು ಎರಡೂವರೆಗೆ ಹೊರಟ್ರಿ. ನಾನು ಟ್ಯಾಂಕ್ ತೊಳೆದಿದ್ದು ಮೂರೂ ಹತ್ತಕ್ಕೆ.”

“ನೀವು ತೊಳೆದಿದ್ದೇ ಖಾಲಿ ಟ್ಯಾಂಕು.”

“ತೊಳೆದ್ಮೇಲೆ ತುಂಬಿಸ್ಬೇಕಲ್ವಾ, ಬೀಗರೇ?”

ಅಡುಗೆಮನೆಯಿಂದ ತಂದಿಟ್ಟುಕೊಂಡಿದ್ದ ರೇಡಿಯೊ ತಿರುಗಿಸುತ್ತಾ ಕೂತೆ. ಸ್ಟೇಷನ್ ಸಿಗಲಿಲ್ಲ.

“ನೀವು ಬಹಳ ಕೆಟ್ಟ ಮನುಷ್ಯ” ಅಂದರು.

“ಗೊತ್ತು.”

“ಏಳು ಸಲ ಕೆಟ್ಟವರು. ಉಳಿದ ನಾಲ್ಕು ದಿನ ತುಂಬಿಸಿದ ಲೆಕ್ಕ ನನ್ನ ಪುಸ್ತಕದಲ್ಲೇ ಇಲ್ಲ. ಎಣಿಸಿದೀನಿ.” ಬಾಗಿಲ ಹತ್ತಿರ ನಿಂತು, ಬೆನ್ನು ತಿರುಗಿಸಿಕೊಂಡೇ ಕೇಳಿದರು, “ಫ್ಯೂಸ್ ಯಾವಾಗ ಹಾಕ್ತೀರಿ?”

ಅಧಿಕಪ್ರಸಂಗಿ. ಇವರಪ್ಪನ ಮನೆ ಮೆಕ್ಯಾನಿಕ್ ನೋಡಿ ನಾನು.

ಏಪ್ರಿಲ್ 8, ಮಂಗಳವಾರ

ಫ್ಯೂಸ್ ಹಾಕಿದೆ. ಬಾಯ್ಲರ್ ಒಳಗೆ ಸುಣ್ಣ ಕಟ್ಟಿತ್ತು, ಅದನ್ನೂ ತೊಳೆದೆ. ಇವರಿಗಾಗಿ ಅಲ್ಲ. ಬಾಯ್ಲರ್ ಎಷ್ಟೇ ಚಿಕ್ಕದಿದ್ದರೂ ಬಾಯ್ಲರು.

ಏಪ್ರಿಲ್ 12, ಶನಿವಾರ

ಮಷೀನ್ ಹಚ್ಚಲು ಮಗಳು ಒಪ್ಪಲಿಲ್ಲ. ಕೊನೆಗೆ ನಮ್ಮ ಲಾಂಡ್ರಿಯ ಪದ್ಧತಿ ಹೇಳಿದೆ. ಪಾಳಿ ಬದಲಾಗುವಾಗ ಹೋಗುವವನೂ ಬರುವವನೂ ಇಬ್ಬರೂ ಒಟ್ಟಿಗೆ ನಿಂತು ನೀರಿನ ಮಟ್ಟ ನೋಡಬೇಕು, ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಎರಡು ಸಹಿ ಬೀಳದೆ ಯಾರೂ ಬೆಂಕಿ ಹಚ್ಚುವಂತಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಅಪಘಾತವಿಲ್ಲ.

“ನಿನ್ನ ಸಹಿ ಯಾರು ನಂಬ್ತಾರೆ?” ಅಂದಳು ಮಗಳು. ಒಂಬತ್ತು ದಿನದ ಮೇಲೆ ನನಗೆ ಸಿಕ್ಕ ಮೊದಲ ವಾಕ್ಯ.

“ನಾನು ನಂಬ್ತೀನಿ” ಅಂದರು ಬೀಗರು. “ಕಳ್ಳನಿಗೇ ಕೀಲಿ ಕೊಟ್ರೆ ಮನೆ ಭದ್ರ ಕಣಮ್ಮ.”

ಎಲ್ಲರೂ ನಕ್ಕರು. ನನ್ನ ಮನೆಯಲ್ಲಿ, ನನ್ನ ಮೇಲೆ, ನನಗಿಂತ ಒಳ್ಳೇ ಜೋಕು. ಸಹಿಸಲಾಗುತ್ತಿಲ್ಲ.

ಅವರ ನೋಟ್‌ಬುಕ್ಕಿನ ಹೊಸ ಹಾಳೆಯಲ್ಲೇ ಗೆರೆ ಎಳೆದೆವು. ಮಟ್ಟ ಅವರು ಓದಿ ಬರೆಯುವುದು, ನಾನು ನೋಡಿ ಸಹಿ ಹಾಕುವುದು. ಸ್ವಿಚ್ಚು ನನ್ನ ಕೈಯಲ್ಲಿ.

ಏಪ್ರಿಲ್ 15, ಮಂಗಳವಾರ

ಇವತ್ತು ಅವರು ಹೋಗಬೇಕಿದ್ದ ದಿನ. ಹೋಗಲಿಲ್ಲ. ಬೆಳಿಗ್ಗೆ ಮೂರು ಕಪ್ ಇಳಿಸಿದ ಮೇಲೆ ಗಡಿಯಾರ ನೋಡುತ್ತಾ ಸುಮ್ಮನೆ ನಿಂತರು. ನಾಲ್ಕು ನಿಮಿಷ. ಆಮೇಲೆ ನನ್ನ ಕಪ್ ಇಳಿಸಿದರು. ನಾಲಿಗೆ ಸುಟ್ಟಿತು. ಬೇಕೆಂದೇ ಮಾಡಿದ್ದಾರೆ. ಈ ಮನುಷ್ಯನ ಹಗೆ ಇನ್ನೂ ಆರಿಲ್ಲ.

ಏಪ್ರಿಲ್ 20, ಭಾನುವಾರ

ಮಧ್ಯಾಹ್ನ ಬೀಗರು ಟ್ಯಾಂಕ್ ತೊಳೆದರು. ನಾನು ಬಚ್ಚಲಿನಲ್ಲಿದ್ದೆ. ಬಂದು ನೋಡಿದರೆ ಅವರು ಮಷೀನಿನ ಮುಂದೆ ಒಂದು ಕಣ್ಣು ಮುಚ್ಚಿ ಬಗ್ಗಿ, ನೆಟ್ಟಗೆ ನಿಂತು, ಪೆನ್ನು ತೆಗೆದು ಬರೆದು ಸಹಿ ಹಾಕುತ್ತಿದ್ದರು.

“ಸಾವಿರದ ಇನ್ನೂರು” ಅಂದರು. “ನಿಮ್ಮದು ಹಾಕಿ.” ಕನ್ನಡಕ ತರಲು ಒಳಗೆ ಹೋದರು.

ಟ್ಯಾಂಕ್ ಖಾಲಿ ಇತ್ತು. ಒಳಗೋಡೆಯ ಮೇಲೆ ತೊಳೆದ ಹನಿ ನಾಲ್ಕೈದು.

ನಡುಮನೆಯಲ್ಲಿ ಮಗಳು, ಅಳಿಯ ಮಾತಾಡುತ್ತಿದ್ದರು. ನಾನು ಮಷೀನಿನ ಪಕ್ಕದಲ್ಲಿದ್ದ ರೇಡಿಯೊ ಜೋರು ಮಾಡಿದೆ. ಟ್ಯಾಂಕ್ ಎಳೆದು, ನಲ್ಲಿಗೆ ಹಿಡಿದು, ಸದ್ದಾಗದಂತೆ ಸಣ್ಣಗೆ ಬಿಟ್ಟು, ಗೆರೆಯ ತನಕ ತುಂಬಿ, ಬಟ್ಟೆಯಲ್ಲಿ ಒರೆಸಿ ವಾಪಸ್ ಸಿಕ್ಕಿಸಿದೆ. ಗಿಡಕ್ಕೂ ಎರಡು ಚಮಚ ಹಾಕಿದೆ, ಅದಕ್ಕಿಂತ ಹೆಚ್ಚಿಲ್ಲ. ಮೂರನೇ ಎಲೆ ಬರುತ್ತಿದೆ.

ಬೀಗರು ಕನ್ನಡಕ ಹಾಕಿಕೊಂಡು ಬಂದು ಇನ್ನೊಮ್ಮೆ ಬಗ್ಗಿ ನೋಡಿದರು.

“ಎಷ್ಟಿದೆ?” ಅಂದರು.

“ನೀವು ಬರೆದಷ್ಟೇ ಇದೆ” ಅಂದೆ. “ದೊಡ್ಡ ಮೀಟರ್ ರೀಡರ್ರು! ಒಂದು ಸಲ ಓದಿದ್ದನ್ನ ಎಷ್ಟು ಸಲ ಓದ್ತೀರಿ? ಜರುಗಿ ಅತ್ಲಾಗೆ.”

ಸಹಿ ಹಾಕಿ ಸ್ವಿಚ್ ಒತ್ತಿದೆ.